ಮನೆ ಬಿಟ್ಟು ಕದಲದ ನಾಯಿಗೂ ಕೆನಲ್ ಕಾಫ್ ಲಸಿಕೆ ಬೇಕಾ?

ಪ್ರಶ್ನೆ: ನಾವು ಮೈಸೂರಿನವರು. ಮನೆಯಲ್ಲಿ ಎರಡು ನಾಯಿಗಳಿವೆ. 4 ವರ್ಷದ ಲ್ಯಾಬ್ರಡಾರ್ ರಾಜ, 11 ವರ್ಷದ ಪೊಮೆರೇನಿಯನ್ ಪಿಂಕಿ. ದೀಪಾವಳಿಗೆ 10 ದಿನ ಪುಣೆಯ ಮಗಳ ಮನೆಗೆ ಹೋಗುತ್ತಿದ್ದೇವೆ. ಹೊರಡಲು ಇನ್ನೂ 5 ವಾರವಿದೆ. ರಾಜನನ್ನು ನಾಯಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಬೋರ್ಡಿಂಗ್‌ಗೆ ಬಿಡುವ ಯೋಚನೆ. ಪಿಂಕಿಯನ್ನು ನಂಜನಗೂಡಿನಲ್ಲಿರುವ ನನ್ನ ತಂಗಿ ನೋಡಿಕೊಳ್ಳುತ್ತಾಳೆ. ನಾಯಿಯಿಂದ ನಾಯಿಗೆ ಹರಡುವ ಕೆಮ್ಮು, ಅಂದರೆ ಕೆನಲ್ ಕಾಫ್‌ನ ಲಸಿಕೆ ಆಗಿದ್ದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ಬೋರ್ಡಿಂಗ್‌ನವರು ಹೇಳುತ್ತಿದ್ದಾರೆ. ಎರಡಕ್ಕೂ ಪ್ರತಿ ವರ್ಷ ರೇಬಿಸ್ ಮತ್ತು ಹಲವು ರೋಗಗಳಿಗೆ ಒಟ್ಟಿಗೆ ಕೊಡುವ 9-ಇನ್-1 ಲಸಿಕೆ ಹಾಕಿಸುತ್ತೇವೆ, ಇದೊಂದನ್ನು ಯಾವತ್ತೂ ಹಾಕಿಸಿಲ್ಲ. ಪಕ್ಕದ ಮನೆಯವರು ‘ನಮ್ಮ ಬೀಗಲ್‌ಗೆ ಹಾಕಿಸಿದ ಮೇಲೂ ಕೆಮ್ಮು ಬಂತು, ಸುಮ್ನೆ ದುಡ್ಡು ದಂಡ’ ಎನ್ನುತ್ತಾರೆ. ಮೂಗಿಗೆ ಬಿಡುವ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದಂತೆ. ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ ಕಿಡ್ನಿ ಕಸಿ ಆಗಿದೆ, ಅವರಿಗೆ ತೊಂದರೆ ಆಗಬಹುದಾ? ಪಿಂಕಿಗೆ ಮೊದಲಿಂದಲೂ ರಾತ್ರಿ ಹೊತ್ತು ಸ್ವಲ್ಪ ಕೆಮ್ಮು ಇದೆ. ವಯಸ್ಸಾಗಿದೆಯಲ್ಲ, ನಾವು ತಲೆ ಕೆಡಿಸಿಕೊಂಡಿಲ್ಲ. ಅವಳು ಮನೆ ಬಿಟ್ಟು ಎಲ್ಲೂ ಹೋಗುವುದಿಲ್ಲವಾದ್ದರಿಂದ ಅವಳಿಗೆ ಲಸಿಕೆ ಬೇಡ ಅಂದುಕೊಂಡಿದ್ದೇವೆ.

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ರಾಜನಿಗೆ ಹಾಕಿಸಿ. ಪಿಂಕಿಗೂ ಹಾಕಿಸಿ, ಆದರೆ ಅದಕ್ಕೂ ಮೊದಲು ಅವಳ ರಾತ್ರಿ ಕೆಮ್ಮನ್ನು ಡಾಕ್ಟರಿಗೆ ತೋರಿಸಿ. ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಇಬ್ಬರಿಗೂ ಮೂಗಿನ ಹನಿಗಿಂತ ಚುಚ್ಚುವ ಲಸಿಕೆ ಮೇಲು. ಅದಕ್ಕೆ ಎರಡು ಡೋಸ್ ಬೇಕು, ಹಾಗಾಗಿ ಈ ವಾರವೇ ಶುರು ಮಾಡಿ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ‘5 ವಾರ’. ಹೆಚ್ಚಿನವರು ಬಸ್ ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ಹಿಂದಿನ ದಿನ ಸಂಜೆ ಬರುತ್ತಾರೆ!

ಕನ್ನಡದಲ್ಲಿ ‘ನಾಯಿಕೆಮ್ಮು’ ಎಂದರೆ ಮಕ್ಕಳಿಗೆ ಬರುವ ಕಾಯಿಲೆ. ಮಗು ಒಂದೇ ಸಮನೆ ಕೆಮ್ಮಿ ಕೆಮ್ಮಿ, ಕೊನೆಗೆ ಕೂಗಿದ ಹಾಗೆ ಉಸಿರೆಳೆದುಕೊಳ್ಳುತ್ತದಲ್ಲ, ಅದು. ಮಕ್ಕಳ ಡಿಪಿಟಿ ಲಸಿಕೆಯ ನಡುವಿನ ‘ಪಿ’ ಇರುವುದು ಅದಕ್ಕೇ. ಅದನ್ನು ತರುವ ಬ್ಯಾಕ್ಟೀರಿಯಾ ಬೋರ್ಡೆಟೆಲ್ಲಾ ಪರ್ಟುಸಿಸ್. ನಿಜವಾಗಿ ನಾಯಿಗಳನ್ನು ಕೆಮ್ಮಿಸುವ ಕೆನಲ್ ಕಾಫ್‌ನ ಮುಖ್ಯ ಆರೋಪಿ ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ, ಅದರ ದಾಯಾದಿ. ನಮ್ಮ ಹಿರಿಯರು ಕೆಮ್ಮಿನ ಸದ್ದು ಕೇಳಿ ಹೆಸರಿಟ್ಟಿದ್ದರು, ರೋಗಾಣುಗಳ ನಂಟು ಗೊತ್ತಾಗಿದ್ದು ಎಷ್ಟೋ ಕಾಲದ ನಂತರ. ಆದರೆ ಮಕ್ಕಳ ನಾಯಿಕೆಮ್ಮು ನಾಯಿಯಿಂದ ಬರುವುದಲ್ಲ, ಅದು ಮನುಷ್ಯರಿಂದ ಮನುಷ್ಯರಿಗೆ ಮಾತ್ರ ಹರಡುತ್ತದೆ. ಹೆಸರು ಕೇಳಿ ಮನೆಯ ನಾಯಿಯನ್ನು ದೂರಬೇಡಿ.

ಈ ಬೋರ್ಡೆಟೆಲ್ಲಾ ಮಾಡುವ ಕೆಲಸ ಏನೆಂದರೆ, ಶ್ವಾಸನಾಳದ ಒಳಗೋಡೆಯ ಮೇಲೆ ಸಣ್ಣ ಸಣ್ಣ ರೋಮಗಳಿರುತ್ತವೆ. ಧೂಳು, ಕಫ, ರೋಗಾಣು ಎಲ್ಲವನ್ನೂ ಪೊರಕೆಯ ಹಾಗೆ ಮೇಲಕ್ಕೆ ಗುಡಿಸುತ್ತಾ ಇರುವುದು ಅವುಗಳ ಕೆಲಸ. ಬೋರ್ಡೆಟೆಲ್ಲಾ ಹೋಗಿ ಆ ರೋಮಗಳಿಗೇ ಅಂಟಿಕೊಂಡು ಅಲ್ಲಾಡದ ಹಾಗೆ ಮಾಡುತ್ತದೆ. ಗುಡಿಸುವವರು ನಿಂತ ಮೇಲೆ ಬೇರೆ ರೋಗಾಣುಗಳಿಗೆ ಬಾಗಿಲು ತೆರೆದ ಹಾಗೇ ಅಲ್ವಾ?

ಹೀಗೆ ಒಳಗೆ ಬರುವವರ ಪಟ್ಟಿ ಉದ್ದವಿದೆ. ಪ್ಯಾರಾ ಇನ್‌ಫ್ಲುಯೆಂಜಾ ವೈರಸ್, ಅಡಿನೋ ವೈರಸ್ 2, ನಾಯಿಗಳದೇ ಒಂದು ಕೊರೊನಾ ವೈರಸ್, ಮೈಕೊಪ್ಲಾಸ್ಮಾ, ಕೆಲವು ದೇಶಗಳಲ್ಲಿ ನಾಯಿಗಳ ಫ್ಲೂ. ಅಂದರೆ ಕೆನಲ್ ಕಾಫ್ ಒಂದು ರೋಗಾಣುವಿನ ಕಾಯಿಲೆಯಲ್ಲ, ಒಂದು ಗುಂಪಿನ ಕೆಲಸ. ಪಕ್ಕದ ಮನೆಯವರ ಬೀಗಲ್‌ಗೆ ಲಸಿಕೆ ಆದ ಮೇಲೂ ಕೆಮ್ಮು ಬಂದದ್ದರ ಗುಟ್ಟು ಇಲ್ಲೇ ಇದೆ. ಲಸಿಕೆ ಈ ಗುಂಪಿನ ಒಬ್ಬಿಬ್ಬರನ್ನು ಮಾತ್ರ ಹಿಡಿಯುತ್ತದೆ. ಹಿಡಿದವರನ್ನೂ ಪೂರ್ತಿ ಕಟ್ಟಿಹಾಕುವುದಿಲ್ಲ. ಕೆಮ್ಮಿನ ಜೋರು ಕಡಿಮೆ ಮಾಡುತ್ತದೆ, ದಿನ ಕಡಿಮೆ ಮಾಡುತ್ತದೆ, ನಾಯಿ ಹೊರಗೆ ಹರಡುವ ರೋಗಾಣುವನ್ನು ಕಡಿಮೆ ಮಾಡುತ್ತದೆ. ನ್ಯುಮೋನಿಯಾಕ್ಕೆ ತಿರುಗುವ ಸಾಧ್ಯತೆಯನ್ನೂ ತಗ್ಗಿಸುತ್ತದೆ. ಮಾರಕ ವಾಂತಿ-ಭೇದಿ ತರುವ ಪಾರ್ವೊ ವೈರಸ್ಸಿನ ಲಸಿಕೆಯ ಹಾಗೆ ‘ಹಾಕಿಸಿದೆವು, ಇನ್ನು ಬರಲ್ಲ’ ಎಂದು ನಿಶ್ಚಿಂತೆಯಿಂದ ಇರುವ ಲಸಿಕೆ ಇದಲ್ಲ. ಅದನ್ನು ಮೊದಲೇ ಹೇಳಿದ್ದರೆ ನಿಮ್ಮ ಪಕ್ಕದ ಮನೆಯವರಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇದು ನಮ್ಮ ವೃತ್ತಿಯವರ ತಪ್ಪೂ ಹೌದು. ಕ್ಲಿನಿಕ್ಕಿನ ಗದ್ದಲದಲ್ಲಿ ನಾನೂ ಎಷ್ಟೋ ಸಲ ಲಸಿಕೆ ಹಾಕಿ ಕಾರ್ಡಿಗೆ ಸ್ಟಿಕರ್ ಅಂಟಿಸಿ ಕಳಿಸಿದ್ದೇನೆ.

ಸ್ಟಿಕರ್ ಅಂದಾಗ ನೆನಪಾಯಿತು. ರಾಜನ ಲಸಿಕೆ ಕಾರ್ಡ್ ತೆಗೆದು 9-ಇನ್-1ರ ಸ್ಟಿಕರ್ ನೋಡಿ. ಅದರಲ್ಲಿ ‘ಡಿಎಚ್‌ಪಿಪಿಐ’ ಎಂಬ ಅಕ್ಷರಗಳಿದ್ದರೆ ಕೊನೆಯ ‘ಪಿಐ’ ಪ್ಯಾರಾ ಇನ್‌ಫ್ಲುಯೆಂಜಾ. ‘ಎಚ್’ ಎಂದರೆ ಹೆಪಟೈಟಿಸ್, ಆದರೆ ಅದಕ್ಕಾಗಿ ಲಸಿಕೆಯಲ್ಲಿ ಇಡುವುದು ಅದೇ ಕೆಮ್ಮಿನ ಅಡಿನೋ 2. ಹಿಂದೆ ಹೆಪಟೈಟಿಸ್ ತರುವ ಅಡಿನೋ 1ನ್ನೇ ಲಸಿಕೆ ಮಾಡುತ್ತಿದ್ದರು. ಕೆಲವು ನಾಯಿಗಳ ಕಣ್ಣು ಅದರಿಂದ ನೀಲಿ ಮಬ್ಬಾಗುತ್ತಿತ್ತು. ಅಡಿನೋ 2 ಕೊಟ್ಟರೆ ಕಣ್ಣಿಗೆ ಆ ಕಾಟವಿಲ್ಲ, ಎರಡೂ ವೈರಸ್‌ಗಳಿಂದ ರಕ್ಷಣೆ ಸಿಗುತ್ತದೆ. ಹಾಗಾಗಿ ‘ಕೆನಲ್ ಕಾಫ್‌ಗೆ ಏನೂ ಹಾಕಿಸಿಲ್ಲ’ ಎಂದು ನೀವು ಅಂದುಕೊಂಡಿದ್ದೀರಿ, ಗುಂಪಿನ ಇಬ್ಬರಿಗೆ ಅರ್ಧಂಬರ್ಧ ತಡೆ ಆಗಲೇ ಇದೆ. ಉಳಿದಿರುವ ದೊಡ್ಡವನು ಬೋರ್ಡೆಟೆಲ್ಲಾ. ‘ಕೆಸಿ ಲಸಿಕೆ’ ಎಂದು ಕ್ಲಿನಿಕ್ಕಿನಲ್ಲಿ ಕರೆಯುವುದರಲ್ಲಿ ಮುಖ್ಯವಾಗಿ ಇರುವುದು ಅದೇ.

ಇದು ಎಲ್ಲ ನಾಯಿಗಳಿಗೂ ಬೇಕಾ? ಬೇಡ. ಡಬ್ಲ್ಯುಎಸ್‌ಎವಿಎ ಎಂಬ ಅಂತರರಾಷ್ಟ್ರೀಯ ಪಶುವೈದ್ಯರ ಒಕ್ಕೂಟದ 2024ರ ಮಾರ್ಗಸೂಚಿಯೂ ಇದನ್ನು ಎಲ್ಲರಿಗೂ ಹಾಕಲೇಬೇಕಾದ ಲಸಿಕೆಗಳ ಸಾಲಿನಲ್ಲಿ ಇಟ್ಟಿಲ್ಲ. ನಾಯಿಯ ಬದುಕು ನೋಡಿ ನಿರ್ಧರಿಸಿ ಎನ್ನುತ್ತದೆ. ನಾನು ಕೇಳುವ ಪ್ರಶ್ನೆ ಒಂದೇ: ನಿಮ್ಮ ನಾಯಿ ಯಾರ ಉಸಿರನ್ನು ಹಂಚಿಕೊಳ್ಳುತ್ತದೆ? ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಒಂದೇ ನಾಯಿ, ಅಕ್ಕಪಕ್ಕದ ಮನೆಗೆ ಅರ್ಧ ಮೈಲಿ. ಅದಕ್ಕೆ ಈ ಲಸಿಕೆ ಬೇಡ, ಆ ದುಡ್ಡಿಗೆ ಉಣ್ಣಿ ಹುಳುವಿನ ಔಷಧಿ ತನ್ನಿ. ಬಾಗಲಕೋಟೆ ಕಡೆ ಹೊಲ ಕಾಯುವ ಮುಧೋಳ ನಾಯಿಗೂ ಸಾಮಾನ್ಯವಾಗಿ ಬೇಡ, ಆದರೆ ಅದೇ ನಾಯಿಯನ್ನು ಶೋಗೆ ಕರೆದುಕೊಂಡು ಹೋಗುವವರಿದ್ದರೆ ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಂದೇ ಲಿಫ್ಟಿನಲ್ಲಿ ಇಪ್ಪತ್ತು ನಾಯಿ ಓಡಾಡುತ್ತವೆ, ಭಾನುವಾರ ಕಬ್ಬನ್ ಪಾರ್ಕ್, ತಿಂಗಳಿಗೊಮ್ಮೆ ಗ್ರೂಮಿಂಗ್, ವಾರದ ದಿನ ಡೇ ಕೇರ್. ಅಂಥ ನಾಯಿಗೆ ನಾನು ಎರಡನೇ ಮಾತಿಲ್ಲದೆ ಹಾಕುತ್ತೇನೆ. ನಡುವಿನ ನಾಯಿಗಳೇ ತಲೆನೋವು. ದಿನಕ್ಕೆರಡು ಸಲ ವಾಕಿಂಗ್, ಗೇಟಿನ ಸಂದಿಯಲ್ಲಿ ಬೀದಿನಾಯಿಯ ಮೂಗಿಗೆ ಮೂಗು ತಾಗಿಸುವುದು, ಅಷ್ಟೇ ಲೋಕ. ಅದು ಬಯಲಿನ ಗಾಳಿ, ಒಂದು ಗಳಿಗೆಯ ಭೇಟಿ, ಅಪಾಯ ಕಡಿಮೆ. ಮುಚ್ಚಿದ ಕೋಣೆಯಲ್ಲಿ ಹತ್ತು ನಾಯಿ ಒಟ್ಟಿಗೆ ರಾತ್ರಿ ಕಳೆಯುವುದು ಬೇರೆಯೇ ಲೆಕ್ಕ.

ರಾಜ ಹೋಗುತ್ತಿರುವುದು ಆ ಬೇರೆ ಲೆಕ್ಕಕ್ಕೆ, ಅದೂ ದೀಪಾವಳಿಯಲ್ಲಿ. ಬೋರ್ಡಿಂಗ್‌ಗಳೆಲ್ಲ ತುಂಬಿ ತುಳುಕುವ ಸಮಯ. ಪಟಾಕಿ ಸದ್ದಿಗೆ ಹೆದರಿ ನಾಯಿಗಳು ರಾತ್ರಿಯಿಡೀ ಬೊಗಳುತ್ತವೆ, ಗಂಟಲು ಕೆಂಪಾಗುತ್ತದೆ. ಹೊಗೆ ಬೇರೆ. ಮನೆಯವರಿಲ್ಲ ಎಂಬ ದಿಗಿಲಿಗೆ ಊಟ ಬಿಡುತ್ತವೆ. ಒಂದು ನಾಯಿ ಕೆಮ್ಮಿದರೆ ಸಾಕು. ರೋಗಾಣು ಹೊಕ್ಕ ಮೇಲೆ ಕೆಮ್ಮು ಶುರುವಾಗಲು 2ರಿಂದ 10 ದಿನ ಬೇಕು. ಅಂದರೆ ಬಿಡುವಾಗ ಆರಾಮಾಗಿದ್ದ ನಾಯಿ ಮನೆಗೆ ಕರೆತಂದ ಮೇಲೆ ಕೆಮ್ಮಲು ಶುರು ಮಾಡಬಹುದು. ಹಾಗಾಗಿ ಬೋರ್ಡಿಂಗ್‌ನವರು ಲಸಿಕೆ ಕೇಳಿದ್ದು ದುಡ್ಡಿನ ಆಸೆಗಲ್ಲ. ಕೇಳದೇ ಸೇರಿಸಿಕೊಳ್ಳುವ ಕಡೆಯೇ ನನಗೆ ಅನುಮಾನ ಜಾಸ್ತಿ.

ಈಗ ನಿಮ್ಮ ಅತ್ತೆಯ ವಿಷಯ. ಮೂಗಿನ ಹನಿಯಲ್ಲಿ ದುರ್ಬಲಗೊಳಿಸಿದ ಜೀವಂತ ಬೋರ್ಡೆಟೆಲ್ಲಾ ಇರುತ್ತದೆ, ನೀವು ಕೇಳಿದ್ದು ನಿಜ. ಅದರ ಒಳ್ಳೆಯ ಗುಣ ಏನೆಂದರೆ ರೋಗಾಣು ಬರುವ ದಾರಿಯಲ್ಲೇ ಕಾವಲು ಕೂರಿಸುತ್ತದೆ. ಒಂದೇ ಡೋಸ್, ಬೋರ್ಡೆಟೆಲ್ಲಾ ವಿರುದ್ಧ 3 ದಿನದಲ್ಲೇ ಕೆಲಸ ಶುರು. ಅದರಲ್ಲಿ ಪ್ಯಾರಾ ಇನ್‌ಫ್ಲುಯೆಂಜಾ ಕೂಡ ಸೇರಿದ್ದರೆ ಆ ಭಾಗಕ್ಕೆ ಸುಮಾರು 3 ವಾರ ಬೇಕು. ಸಾಧಾರಣವಾಗಿ ಆಯ್ಕೆ ನನ್ನ ಕೈಯಲ್ಲಿದ್ದರೆ ನಾನು ಹಾಕುವುದು ಇದನ್ನೇ. ಆದರೆ ಲಸಿಕೆ ಪಡೆದ ನಾಯಿ ಆ ಜೀವಾಣುವನ್ನು 6 ವಾರದವರೆಗೆ ಸೀನು, ಜೊಲ್ಲಿನಲ್ಲಿ ಹೊರಹಾಕಬಹುದು. ಆರೋಗ್ಯವಂತರಿಗೆ ಅದರಿಂದ ಏನೂ ಆಗುವುದಿಲ್ಲ. ಕಸಿ ಆದವರು ಜೀವನವಿಡೀ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಾರೆ. ಅವರ ವಿಷಯದಲ್ಲಿ ಸಣ್ಣ ಅಪಾಯವನ್ನೂ ಸುಮ್ಮನೆ ಮೈಮೇಲೆ ಎಳೆದುಕೊಳ್ಳಬಾರದು. ಅದಕ್ಕೇ ಚುಚ್ಚುಮದ್ದು. ಅದರಲ್ಲಿ ಜೀವಂತ ರೋಗಾಣು ಇರುವುದಿಲ್ಲ, ನಾಯಿಯಿಂದ ಏನೂ ಹೊರಬರುವುದಿಲ್ಲ. ಎರಡು ಡೋಸ್‌ಗಳ ನಡುವೆ 2ರಿಂದ 4 ವಾರದ ಅಂತರ, ಎರಡನೆಯದಾಗಿ ಒಂದು ವಾರವಾದರೂ ಕಳೆದ ಮೇಲೆ ಬೋರ್ಡಿಂಗ್. ಈ ವಾರ ಒಂದು, 3 ವಾರ ಬಿಟ್ಟು ಇನ್ನೊಂದು ಹಾಕಿಸಿದರೆ ಹೊರಡುವ ಮುಂಚೆ 2 ವಾರ ಕೈಯಲ್ಲಿ ಉಳಿಯುತ್ತದೆ. ಆಮೇಲೆ ವರ್ಷಕ್ಕೊಂದು.

‘ಹಾಗಾದರೆ ಅತ್ತೆಯ ಸಲುವಾಗಿ ಲಸಿಕೆಯೇ ಬೇಡ’ ಎಂದು ಹಲವರು ಯೋಚಿಸುತ್ತಾರೆ. ಆ ಲೆಕ್ಕ ತಲೆಕೆಳಗು. ಲಸಿಕೆಯಿಲ್ಲದ ನಾಯಿ ಬೋರ್ಡಿಂಗ್‌ನಿಂದ ನಿಜವಾದ, ಪಳಗದ ಬೋರ್ಡೆಟೆಲ್ಲಾ ಹೊತ್ತು ತಂದರೆ ಕೆಮ್ಮು ನಿಂತ ಮೇಲೂ ವಾರಗಟ್ಟಲೆ ಅದನ್ನು ಹರಡುತ್ತಾ ಇರುತ್ತದೆ. ಮನುಷ್ಯರಿಗೆ ಅದು ತಗಲುವುದು ಅಪರೂಪ, ಆದರೆ ತಗಲಿದವರಲ್ಲಿ ಇಂಥ ಮಾತ್ರೆ ತೆಗೆದುಕೊಳ್ಳುವವರೇ ಹೆಚ್ಚು. ಒಮ್ಮೆ ಅತ್ತೆಯ ಕಿಡ್ನಿ ಡಾಕ್ಟರ್ ಹತ್ತಿರವೂ ಮನೆಯಲ್ಲಿ ನಾಯಿಗಳಿವೆ, ಒಂದು ಬೋರ್ಡಿಂಗ್‌ಗೆ ಹೋಗಿ ಬರುತ್ತದೆ ಎಂದು ಹೇಳಿಡಿ. ರಾಜ ವಾಪಸ್ ಬಂದ ಮೇಲೆ ಎರಡು ವಾರ ಅತ್ತೆಯ ಕೋಣೆಗೆ ಬಿಡಬೇಡಿ, ಮುಖ ನೆಕ್ಕಿಸಿಕೊಳ್ಳುವುದು ಬೇಡ, ಅವನ ನೀರಿನ ಬಟ್ಟಲು ತೊಳೆಯುವ ಕೆಲಸ ಬೇರೆಯವರು ಮಾಡಲಿ.

ಚುಚ್ಚುಮದ್ದು ನಿಮ್ಮ ಊರಿನಲ್ಲಿ ಸಿಗಲೇ ಇಲ್ಲ ಎಂದರೆ? ಆಗ ರಾಜನನ್ನೂ ತಂಗಿಯ ಮನೆಗೇ ಬಿಡಲು ಸಾಧ್ಯವಾ ನೋಡಿ. ಲ್ಯಾಬ್ರಡಾರ್ ಹತ್ತು ದಿನ ಇದ್ದರೆ ತಂಗಿಯ ಚಪ್ಪಲಿಗಳು ಉಳಿಯುವ ಭರವಸೆ ನಾನು ಕೊಡಲಾರೆ, ಆದರೆ ಲಸಿಕೆಯ ಗೊಡವೆಯೇ ಇರುವುದಿಲ್ಲ.

ಎರಡು ಎಚ್ಚರಿಕೆ. ಮೂಗಿನ ಲಸಿಕೆಯನ್ನು ತಪ್ಪಿಯೂ ಚರ್ಮದಡಿ ಚುಚ್ಚಬಾರದು. ಹಾಗೆ ಆದಾಗ ಆ ಜಾಗ ಕೀವುಗಟ್ಟಿದ್ದೂ ಉಂಟು, ಯಕೃತ್ತಿಗೆ ಪೆಟ್ಟು ಬಿದ್ದದ್ದೂ ಉಂಟು. ಬಾಟಲಿ ತಂದು ಕಾಂಪೌಂಡರ್ ಕೈಯಲ್ಲಿ ಹಾಕಿಸುವವರು ಇದನ್ನು ನೆನಪಿಡಿ. ಇನ್ನೊಂದು, ನಾಯಿ ಯಾವುದಾದರೂ ಆ್ಯಂಟಿಬಯಾಟಿಕ್ ಕೋರ್ಸಿನಲ್ಲಿದ್ದರೆ ಮೂಗಿನ ಲಸಿಕೆ ದಂಡ. ಔಷಧಿ ಲಸಿಕೆಯ ಜೀವಾಣುವನ್ನೇ ಕೊಂದುಹಾಕುತ್ತದೆ. ಚುಚ್ಚುಮದ್ದಿಗೆ ಆ ತೊಡಕಿಲ್ಲ. ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು, ಒಂದು ದಿನ ಮಂಕು, ಇಷ್ಟು ಸಹಜ. ಮುಖ ಊದಿಕೊಂಡರೆ, ವಾಂತಿ ಶುರುವಾದರೆ ತಕ್ಷಣ ಡಾಕ್ಟರಿಗೆ ಹೇಳಬೇಕು, ಅದಕ್ಕೇ ಹಾಕಿಸಿದ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂತಿರಿ.

ಇನ್ನು ಪಿಂಕಿ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ರಾಜ ಅಲ್ಲ, ನೀವು ಕೊನೆಯಲ್ಲಿ ಹಾಗೇ ಹೇಳಿ ಬಿಟ್ಟ ಆ ಎರಡು ಸಾಲು. ‘ವಯಸ್ಸಾಗಿದೆ, ಅದಕ್ಕೆ ಕೆಮ್ಮು’ ಎನ್ನುವ ಕಾಯಿಲೆ ಇಲ್ಲ. 11 ವರ್ಷದ ಪೊಮೆರೇನಿಯನ್ ರಾತ್ರಿ ಕೆಮ್ಮಿದರೆ ನಾನು ಎರಡು ಕಡೆ ಹುಡುಕುತ್ತೇನೆ. ಒಂದು ಶ್ವಾಸನಾಳ. ಸಣ್ಣ ತಳಿಗಳಲ್ಲಿ ವಯಸ್ಸಾದಂತೆ ನಾಳದ ಉಂಗುರಗಳು ಸಡಿಲಾಗಿ, ಒಳಗೆ ಚಪ್ಪಟೆಯಾಗುತ್ತವೆ. ಖುಷಿಯಾದಾಗ, ಕೊರಳಪಟ್ಟಿ ಎಳೆದಾಗ, ನೀರು ಕುಡಿದಾಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮು. ಇನ್ನೊಂದು ಹೃದಯದ ಕವಾಟ. ಅದು ಸೋರಲು ಶುರುವಾದರೆ ಮಲಗಿದಾಗ ಕೆಮ್ಮು, ಓಡಾಡಿದರೆ ಸುಸ್ತು. ಈ ರಾತ್ರಿ ಪಿಂಕಿ ಗಾಢ ನಿದ್ದೆಯಲ್ಲಿದ್ದಾಗ ಗಡಿಯಾರ ಹಿಡಿದು ಒಂದು ನಿಮಿಷಕ್ಕೆ ಎಷ್ಟು ಸಲ ಎದೆ ಏರಿ ಇಳಿಯುತ್ತದೆ ಎಣಿಸಿ. 30ಕ್ಕಿಂತ ಹೆಚ್ಚಾಗಿದ್ದರೆ, ಮರುದಿನ ಎಣಿಸಿದರೂ ಹಾಗೇ ಬಂದರೆ, ತಡಮಾಡಬೇಡಿ. ಕೆಮ್ಮುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಕ್ಲಿನಿಕ್ಕಿನ ಟೇಬಲ್ ಮೇಲೆ ಯಾವ ನಾಯಿಯೂ ಕೆಮ್ಮುವುದಿಲ್ಲ, ಇದು ನನ್ನ ಇಷ್ಟು ವರ್ಷದ ಅನುಭವ! ಕೊರಳಪಟ್ಟಿ ಇವತ್ತೇ ತೆಗೆದು ಎದೆಗೆ ಕಟ್ಟುವ ಹಾರ್ನೆಸ್ ಹಾಕಿ. ಅವಳು ಮಲಗುವ ಕಡೆ ಊದುಬತ್ತಿ, ಸೊಳ್ಳೆ ಬತ್ತಿ ಹಚ್ಚಬೇಡಿ.

ಅವಳು ಮನೆ ಬಿಟ್ಟು ಹೋಗುವುದಿಲ್ಲ, ನಿಜ. ಆದರೆ ಬೋರ್ಡಿಂಗ್ ರಾಜನ ಮೂಗಿನಲ್ಲಿ ಕೂತು ಮನೆಗೆ ಬರುತ್ತದೆ. ಗಟ್ಟಿಮುಟ್ಟಾದ ರಾಜನಿಗೆ ಕೆನಲ್ ಕಾಫ್ ಬಂದರೆ ಒಂದೆರಡು ವಾರದ ಕಿರಿಕಿರಿ, ತನ್ನಷ್ಟಕ್ಕೆ ವಾಸಿಯಾಗುತ್ತದೆ. ಮೊದಲೇ ಸಡಿಲಾದ ಶ್ವಾಸನಾಳಕ್ಕೆ ಅಥವಾ ಸೋರುವ ಹೃದಯಕ್ಕೆ ಅದೇ ಕೆಮ್ಮು ದೊಡ್ಡ ಪೆಟ್ಟು. ಲಸಿಕೆ ಯಾರಿಗೆ ಹೆಚ್ಚು ಉಪಯೋಗ ಎಂದು ಕೇಳಿದರೆ ನಾನು ಪಿಂಕಿಯ ಕಡೆ ಕೈ ತೋರಿಸುತ್ತೇನೆ. ಪರೀಕ್ಷೆಯಲ್ಲಿ ಜ್ವರ ಇಲ್ಲ, ಸ್ಥಿತಿ ಹತೋಟಿಯಲ್ಲಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಅವಳಿಗೂ ಅದೇ ಎರಡು ಡೋಸ್. ಇನ್ನೊಂದು ಉಪಾಯ, ಖರ್ಚಿಲ್ಲದ್ದು: ನೀವು ಪುಣೆಯಿಂದ ಬಂದ ತಕ್ಷಣ ಪಿಂಕಿಯನ್ನು ಕರೆತರಬೇಡಿ. ನಂಜನಗೂಡಿನಲ್ಲೇ ಇನ್ನೆರಡು ವಾರ ಇರಲಿ. ಅಷ್ಟರಲ್ಲಿ ರಾಜ ಕೆಮ್ಮುತ್ತಾನೋ ಇಲ್ಲವೋ ಗೊತ್ತಾಗುತ್ತದೆ.

ಬೇರೆ ಓದುಗರಿಗೂ ಒಂದು ಮಾತು ಹೇಳಲೇಬೇಕು. ನಿಮ್ಮ ನಾಯಿಗಳಿಗೆ ರೇಬಿಸ್, 9-ಇನ್-1 ತಪ್ಪದೆ ಆಗಿದೆ, ಅದಕ್ಕೇ ನಾನು ಇಷ್ಟು ಆರಾಮಾಗಿ ಕೆಸಿ ಬಗ್ಗೆ ಬರೆಯುತ್ತಿದ್ದೇನೆ. ಅವೆರಡೂ ಆಗದ ನಾಯಿಗೆ ಕೆಸಿ ಹಾಕಿಸುವುದು, ಮನೆಗೆ ಬಾಗಿಲಿಲ್ಲದೆ ಕಿಟಕಿಗೆ ಪರದೆ ಹಾಕಿದ ಹಾಗೆ. ಲಸಿಕೆ ಆಗದ ಮರಿ ಕೆಮ್ಮಿ, ಜೊತೆಗೆ ಕಣ್ಣು ಮೂಗಿನಲ್ಲಿ ಗೀಜು, ಜ್ವರ, ಭೇದಿ ಇದ್ದರೆ ಅದು ಕೆನಲ್ ಕಾಫ್ ಆಗಿರದೆ ಡಿಸ್ಟೆಂಪರ್ ಎಂಬ ಮಾರಕ ವೈರಸ್ ಕಾಯಿಲೆ ಆಗಿರಬಹುದು. ಸುಮಾರು ನೂರು ವರ್ಷದ ಹಿಂದೆ ಸಂಶೋಧಕರೇ ಇದೇ ಬೋರ್ಡೆಟೆಲ್ಲಾವನ್ನು ಡಿಸ್ಟೆಂಪರ್‌ಗೆ ಕಾರಣ ಎಂದು ತಪ್ಪು ತಿಳಿದಿದ್ದರು, ಎರಡೂ ಅಷ್ಟು ಒಟ್ಟೊಟ್ಟಿಗೆ ಸಿಗುತ್ತಿದ್ದವು.

ಇನ್ನೂ ಮುಖ್ಯವಾದದ್ದು ಇದು. ಕೆನಲ್ ಕಾಫ್ ಬಂದ ನಾಯಿ ಕೆಮ್ಮಿ ಕೊನೆಗೆ ಓಕರಿಸಿ ಬಿಳಿ ನೊರೆ ಕಕ್ಕುತ್ತದೆ. ನೋಡಿದವರು ‘ಗಂಟಲಲ್ಲಿ ಮೂಳೆ ಸಿಕ್ಕಿದೆ’ ಎಂದು ಬಾಯಿಗೆ ಕೈ ಹಾಕುತ್ತಾರೆ. ರೇಬಿಸ್ ಬಂದ ನಾಯಿಯೂ ಕೆಲವೊಮ್ಮೆ ಥೇಟ್ ಹಾಗೇ ಕಾಣುತ್ತದೆ. ಕೆಳದವಡೆ ಜೋತು, ಜೊಲ್ಲು ಸುರಿದು, ನುಂಗಲಾಗದೆ, ಸ್ವರ ಬದಲಾಗಿ. ಅದು ಕಚ್ಚಲೂ ಬರುವುದಿಲ್ಲ, ಅದಕ್ಕೇ ಜನ ಮೋಸ ಹೋಗುತ್ತಾರೆ. ಲಸಿಕೆ ಗೊತ್ತಿಲ್ಲದ ನಾಯಿಯ ಬಾಯಿಗೆ ಎಂದೂ ಕೈ ಹಾಕಬೇಡಿ. ಜೊಲ್ಲು ಗಾಯಕ್ಕೆ ತಗುಲಿದ್ದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಬೋರ್ಡಿಂಗ್ ಜಾಗವನ್ನು ಫೋಟೊದಲ್ಲಿ ನೋಡಿ ಒಪ್ಪಿಕೊಳ್ಳಬೇಡಿ, ಹೋಗಿ ಮೂಗಿನಿಂದ ನೋಡಿ. ಒಳಗೆ ಕಾಲಿಟ್ಟ ತಕ್ಷಣ ಮೂತ್ರದ ಘಾಟು ಕಣ್ಣಿಗೆ ಹೊಡೆದರೆ ಅಲ್ಲಿ ಗಾಳಿ ಆಡುವುದಿಲ್ಲ ಎಂದರ್ಥ. ಫಿನಾಯಿಲ್ ವಾಸನೆ ಗಾಢವಾಗಿದ್ದರೂ ಒಳ್ಳೆಯದಲ್ಲ, ಅದೂ ಶ್ವಾಸನಾಳಕ್ಕೆ ಉರಿ. ಕೆಮ್ಮುವ ನಾಯಿಯನ್ನು ಬೇರೆ ಇಡಲು ಜಾಗ ಇದೆಯಾ ಎಂದು ಕೇಳಿ. ‘ನಮ್ಮಲ್ಲಿ ಯಾವ ನಾಯಿಗೂ ಕೆಮ್ಮು ಬಂದೇ ಇಲ್ಲ ಸಾರ್’ ಎಂದರೆ ನಂಬಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ರಾಜ ಕೆಮ್ಮಿದರೆ ಗಾಬರಿ ಬೇಡ. ಊಟ ಮಾಡುತ್ತಿದ್ದಾನೆ, ಬಾಲ ಆಡಿಸುತ್ತಿದ್ದಾನೆ ಎಂದರೆ ವಿಶ್ರಾಂತಿ, ಹಾರ್ನೆಸ್, ಬಿಸಿನೀರು ಬಿಟ್ಟ ಬಾತ್‌ರೂಮಿನ ಹಬೆಯಲ್ಲಿ ದಿನಕ್ಕೆರಡು ಸಲ ಹತ್ತು ನಿಮಿಷ, ಇಷ್ಟು ಸಾಕು. ಸುಮ್ಮನೆ ಆ್ಯಂಟಿಬಯಾಟಿಕ್ ಕೇಳಿ ಬರೆಸಿಕೊಳ್ಳಬೇಡಿ. ಹತ್ತು ದಿನ ಕಳೆದರೂ ಕಡಿಮೆಯಾಗದಿದ್ದರೆ ನಾವು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತೇವೆ. ಮನೆಯಲ್ಲಿರುವ ಮನುಷ್ಯರ ಕೆಮ್ಮಿನ ಸಿರಪ್, ನೋವಿನ ಮಾತ್ರೆ ಮಾತ್ರ ಕೊಡಲೇಬೇಡಿ. ಕೆಲವು ಸಿರಪ್‌ಗಳಲ್ಲಿ ಸಕ್ಕರೆ ಬದಲಿಗೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ, ನೋವಿನ ಮಾತ್ರೆ ಐಬುಪ್ರೊಫೆನ್ ಕೂಡ. ಜ್ವರ, ಊಟ ಬಿಡುವುದು, ಹಸಿರು ಸಿಂಬಳ, ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ತೋರಿಸಿ.

ತೋರಿಸಲು ಹೊರಡುವ ಮುಂಚೆ ಕ್ಲಿನಿಕ್ಕಿಗೆ ಒಂದು ಫೋನ್ ಮಾಡಿ ‘ಬೋರ್ಡಿಂಗ್‌ನಿಂದ ಬಂದವನು, ಕೆಮ್ಮುತ್ತಿದ್ದಾನೆ’ ಎಂದು ಹೇಳಿ. ಹಾಗೆ ಹೇಳಿದರೆ ನಾನಾದರೆ ಕಾರಿನ ಹತ್ತಿರವೇ ಬಂದು ನೋಡುತ್ತೇನೆ. ಹೇಳದೆ ಬಂದು ವೇಟಿಂಗ್ ರೂಮಿನಲ್ಲಿ ಮೊದಲನೇ ಲಸಿಕೆಗೆ ಬಂದ ಎರಡು ತಿಂಗಳ ಮರಿಯ ಪಕ್ಕ ಕೂತರೆ, ಮುಂದಿನ ವಾರ ಆ ಮರಿಯ ಮನೆಯವರೂ ನನಗೆ ಇಂಥದ್ದೇ ಪತ್ರ ಬರೆಯುತ್ತಾರೆ.